ಸದ್ದು ಕೂಡದ ದಿನಗಳು

ಸಾರಾತೋಕ್
೨೬ ಮಾರ್ಚ್ ೧೯೯೪

ಜೆಲಿಯಾಳ ಅಮ್ಮನಿಗೆ,

ನಾವು ಮೂವರೂ ಚೆನ್ನಾಗಿದ್ದೇವೆ, ವ್ಯಾನ್ ಮಾತ್ರ ಚೆನ್ನಾಗಿಲ್ಲ. ಏರು ಬಂದಾಗ ನಾನು ಸ್ಟೇರಿಂಗ್ ಹಿಡಿಯುತ್ತೇನೆ, ಗೆರಾಂಗ್ ಇಳಿದು ತಳ್ಳುತ್ತಾನೆ, ನಿನ್ನ ತಮ್ಮ ಸಂಡೋಮ್ ಹಿಂದಿನ ಸೀಟಿನಲ್ಲಿ ಕೂತು ಗಿಟಾರ್ ಶ್ರುತಿ ಮಾಡುತ್ತಾನೆ. ಹಾಡುವವನ ಕೈ ಕೆಡಬಾರದಂತೆ. "ಇವನು ಹೆಸರು ಮಾಡೋ ಹೊತ್ತಿಗೆ ನನ್ನ ಸೊಂಟ ಹೋಗಿರುತ್ತೆ, ಆಮೇಲೆ ಬೇಸ್ ಗಿಟಾರ್ ಯಾರ ಸೊಂಟಕ್ಕೆ ಕಟ್ತಾನೋ ನೋಡ್ತೀನಿ" ಎಂದು ಗೆರಾಂಗ್ ಗೊಣಗುತ್ತಾನೆ.

ನಿನ್ನೆ ಇಲ್ಲಿಯ ಮಾರುಕಟ್ಟೆಯ ಹಿಂದೆ ಬಾರಿಸಿದೆವು. ಬಂದವರು ಎಂದರೆ ಬಸ್ಸಿಗೆ ಕಾದು ಬೇಸತ್ತವರು. ಬಸ್ಸು ಬಂತು, ಹೋದರು. ಮೀನು ಮಾರುವ ಹೆಂಗಸೊಬ್ಬಳು ಮಾತ್ರ ಕೊನೆಯ ತನಕ ಕೇಳಿದಳು. ಮುಗಿದ ಮೇಲೆ ಹತ್ತಿರ ಬಂದು, "ಮೇಲ್ನದಿಯವ್ರಾ ನೀವು? ಅಲ್ಲಿ ಬಂಡೆಗೆ ನೀರು ಬಡಿಯೋ ಸದ್ದಲ್ಲಿ ಕೂಗಿ ಕೂಗಿ ಅಭ್ಯಾಸ ಆಗಿರ್ಬೇಕು. ಇಲ್ಲಿ ಸ್ವಲ್ಪ ಮೆಲ್ಲಗೆ ಹಾಡಿದ್ರೂ ಕೇಳ್ಸುತ್ತೆ" ಎಂದಳು. ನಮ್ಮ ಬ್ಯಾಂಡಿಗೆ ಅನಾಕ್ ಉಲು, ಮೇಲ್ನದಿಯ ಮಕ್ಕಳು, ಎಂದು ಹೆಸರಿಟ್ಟದ್ದೇ ತಪ್ಪಾಯಿತೇನೋ ಎಂದು ಸಂಡೋಮ್ ಊಟದ ಹೊತ್ತಿಗೂ ಕೇಳುತ್ತಿದ್ದ.

ಅವನು ಸೋತಂತೆ ಕಾಣಿಸಿಕೊಳ್ಳುವುದಿಲ್ಲ. ಆ ಕೆಂಪು ಅಂಗಿ ಹಾಕಿಕೊಂಡು, ಕೂದಲು ಬಾಚಿಕೊಂಡು, ಮೂರೇ ಜನರಿದ್ದರೂ ಸಾವಿರ ಜನರಿಗೆ ಎಂಬಂತೆ ಬಾಗಿ ನಮಸ್ಕರಿಸುತ್ತಾನೆ. ಆದರೆ ಎಲ್ಲರ ಎದೆಯಲ್ಲೂ ಒಂದೇ ಅಳುಕು. ಸಿಬುವಿನ ಕ್ಯಾಸೆಟ್ ಅಂಗಡಿಯ ಯಜಮಾನ, ಆ ಟೌಕೆ, ಮೇ ತಿಂಗಳಲ್ಲಿ ಶ್ರೀ ಅಮಾನಿಗೆ ಬಂದು ನಮ್ಮನ್ನು ಕೇಳುತ್ತಾನೆ. ಜನ ಸೇರಿದ್ದರೆ ಕ್ಯಾಸೆಟ್ ಮಾಡುತ್ತಾನೆ, ಇಲ್ಲದಿದ್ದರೆ ಇಲ್ಲ. ಈ ಸಲವೂ ಆಗದಿದ್ದರೆ ಮರ ಕಡಿಯುವ ಕ್ಯಾಂಪಿಗೆ ಹೋಗುತ್ತೇನೆ ಎಂದು ನಿನ್ನ ತಮ್ಮ ನಗುತ್ತಲೇ ಹೇಳಿದ. ನಗುತ್ತಾ ಹೇಳಿದ್ದನ್ನೇ ಅವನು ಮಾಡುವುದು, ನಿನಗೆ ಗೊತ್ತು.

ಮಾವನ ಕೆಮ್ಮು ಹೇಗಿದೆ? ಮುಂದಿನ ಕಾಗದವನ್ನು ಬೆತೋಂಗಿನ ಕ್ಯಾಸೆಟ್ ಅಂಗಡಿಯ ವಿಳಾಸಕ್ಕೆ ಬರೆ.

ಲಾಯಾಂಗ್

*

ಕಟಿಬಾಸ್ ನದಿ
೨ ಏಪ್ರಿಲ್ ೧೯೯೪

ಜೆಲಿಯಾಳ ಅಪ್ಪನಿಗೆ,

ಇದನ್ನು ನೀನೊಬ್ಬನೇ ಇರುವಾಗ ಓದು. ಸಂಡೋಮ್ ಹತ್ತಿರದಲ್ಲಿದ್ದರೆ ಮಡಚಿ ಜೇಬಿಗಿಟ್ಟುಕೋ.

ಅಪ್ಪ ಹೋದ. ಮಂಗಳವಾರ ಸಂಜೆ. ಕೆಮ್ಮು ಎದೆಗಿಳಿದು ಜ್ವರವಾಯಿತು. ಸೋಂಗ್ ಪೇಟೆಯ ಆಸ್ಪತ್ರೆಗೆ ಒಯ್ಯಲು ದೋಣಿ ಸಿದ್ಧ ಮಾಡಿದ್ದರು, ಅವನೇ ಬೇಡವೆಂದ. ಹೋಗುವಾಗ ಏನೂ ಹೇಳಲಿಲ್ಲ. ಜಗಲಿಯಲ್ಲಿ ಬಟ್ಟೆಯ ಗೋಡೆ ಕಟ್ಟಿ ಒಳಗೆ ಮಲಗಿಸಿದೆವು. ಅಳುಹಾಡಿನ ಮುದುಕಿ ಪಕ್ಕದಲ್ಲಿ ಕೂತು, ನಮ್ಮ ಇಳಿಗಟ್ಟೆಯಿಂದ ಹಿಡಿದು ನದಿಯ ಒಂದೊಂದೇ ತಿರುವಿನ ಹೆಸರು ಹೇಳುತ್ತಾ ಅವನ ಆತ್ಮವನ್ನು ಸತ್ತವರ ನಾಡಿನ ತನಕ ಕೆಳಗೆ ಇಳಿಸಿದಳು. ಕೊನೆಯ ತಿರುವಿನಲ್ಲಿ ಅವಳ ಧ್ವನಿ ಒಡೆದು ಹೋಯಿತು. ಶುಕ್ರವಾರ ಬೆಳಕು ಹರಿಯುವ ಮೊದಲು ಮಣ್ಣು ಮಾಡಿದರು.

ಉಲಿತ್, ಸೂತಕದ ಗಂಟು, ಕಟ್ಟಿದ್ದಾರೆ. ಅಪ್ಪನ ತಲೆವಸ್ತ್ರ, ಅವನ ಬಳೆ ಎಲ್ಲ ಗಂಟಾಗಿ ಜಾಡಿಯೊಳಗಿದೆ. ಅದನ್ನು ಕತ್ತರಿಸುವ ತನಕ ಒಂದೇ ಸೂರಿನ ಈ ಉದ್ದಮನೆಯಲ್ಲಿ ಯಾವ ಕುಟುಂಬದ ಬಾಗಿಲಲ್ಲೂ ಜಾಗಟೆ ಇಲ್ಲ, ರೇಡಿಯೊ ಇಲ್ಲ, ಕೆಂಪು ಬಟ್ಟೆ ಇಲ್ಲ, ಕೂದಲು ಕತ್ತರಿಸುವಂತಿಲ್ಲ, ಜೋರು ನಗುವಿಲ್ಲ. ಮಕ್ಕಳು, ಅಳಿಯ ಅಕ್ಕಿಯ ತುವಾಕ್ ಕುಡಿಯುವಂತಿಲ್ಲ. ಸಂಜೆಯ ಊಟದಲ್ಲಿ ಮೊದಲ ತುತ್ತು ಅಪ್ಪನಿಗೆ ತೆಗೆದಿಡುತ್ತೇವೆ.

ಈಗ ನಾನು ಕೇಳುವುದನ್ನು ಕೇಳಬಾರದು ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ. ಸಂಡೋಮನಿಗೆ ಹೇಳಬೇಡ. ಅಜ್ಜಿ ಸತ್ತ ವರ್ಷ ನೆನಪಿದೆಯಲ್ಲ. ಆಗಷ್ಟೇ ಅವನ ಮೊದಲ ಬ್ಯಾಂಡಿಗೆ ನಾಲ್ಕು ಕಡೆಯಿಂದ ಕರೆ ಬಂದಿತ್ತು. ಉಲಿತ್ ಕಟ್ಟಿದರು, ಇವನು ಗಿಟಾರನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕಿಟ್ಟು ಕೂತ. ಗಂಟು ಕತ್ತರಿಸುವಷ್ಟರಲ್ಲಿ ಜೊತೆಯವರು ಬೇರೆ ಹಾಡುಗಾರನನ್ನು ಹುಡುಕಿಕೊಂಡಿದ್ದರು. ಆಮೇಲೆ ಅವನು ಎರಡು ವರ್ಷ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ.

ಈ ಸಲ ಹೊರಡುವಾಗ ಅಪ್ಪ ಅವನಿಗೆ ಅಂದದ್ದು ನೀನೂ ಕೇಳಿದ್ದೀಯ: "ನಾವು ಊರು ಬಿಟ್ಟು ಹೋದ್ರೆ ಬೆಲೆಬಾಳೋ ಜಾಡಿ ಹೊತ್ಕೊಂಡ್ ಬರ್ತಿದ್ವಿ. ನೀನು ಸದ್ದು ಮಾಡ್ತೀಯ, ಸದ್ದನ್ನ ಅಲ್ಲೇ ಬಿಟ್ಟು ಬರ್ತೀಯ." ಆ ಮಾತು ಸುಳ್ಳಾಗಬೇಕು. ಅದನ್ನು ಕೇಳಲು ಅಪ್ಪ ಇಲ್ಲದಿದ್ದರೂ ಆಗಬೇಕು.

ತಿಳಿಯದವನನ್ನು ಉಲಿತ್ ಕಟ್ಟುವುದಿಲ್ಲ. ತಿಳಿದ ನಿನ್ನನ್ನು ಕಟ್ಟುತ್ತದೆ. ನೀನು ಈ ಮನೆಯ ಅಳಿಯ, ಡ್ರಮ್ ಮುಟ್ಟಬಾರದು. ಆದರೂ ಬಾರಿಸು ಎನ್ನುತ್ತಿದ್ದೇನೆ. ತಪ್ಪು ನನ್ನ ಮೇಲಿರಲಿ.

ರೆಮಾಯ್

*

ಬೆತೋಂಗ್
೧೧ ಏಪ್ರಿಲ್ ೧೯೯೪

ಜೆಲಿಯಾಳ ಅಮ್ಮನಿಗೆ,

ನಿನ್ನ ಕಾಗದವನ್ನು ಅಂಗಡಿಯ ಹಿಂದೆ, ಖಾಲಿ ಪೆಟ್ಟಿಗೆಗಳ ನಡುವೆ ನಿಂತು ಓದಿದೆ. ಮಾವ ನನಗೆ ದೋಣಿ ನಡೆಸಲು ಕಲಿಸಿದವನು. ಅಳಲು ಜಾಗವಿರಲಿಲ್ಲ. ಸಂಡೋಮ್ ಅಂಗಡಿಯ ಮುಂದೆಯೇ ನಿಂತಿದ್ದ. ಮನೆಯಲ್ಲಿ ಹೇಗಿದ್ದಾರೆ ಎಂದು ಕೇಳಿದ. ಚೆನ್ನಾಗಿದ್ದಾರೆ, ಕೊಯ್ಲು ನಡೆದಿದೆ ಎಂದೆ. "ಒಳ್ಳೇದು" ಎಂದ. ಇನ್ನೇನಾದರೂ ಕೇಳುತ್ತಾನೆಂದು ಹೆದರಿದ್ದೆ, ಕೇಳಲಿಲ್ಲ.

ಸಂಜೆ ಬಾರಿಸಿದೆ. ತಾಳ ತಪ್ಪುತ್ತದೆ, ಹೊಟ್ಟೆನೋವೆಂದು ಎದ್ದು ಬಿಡಬಹುದು ಎಂದುಕೊಂಡಿದ್ದೆ. ತಾಳ ತಪ್ಪಲಿಲ್ಲ. ಒಂದೆರಡು ಹಾಡಿನ ನಂತರ ನಾನು ಮಾವನನ್ನು ಮರೆತೇಬಿಟ್ಟಿದ್ದೆ. ಇದನ್ನು ನಿನಗಲ್ಲದೆ ಇನ್ನಾರಿಗೂ ಹೇಳಲಾರೆ.

ನಿನಗೆ ಸಮಾಧಾನವಾಗುವ ಸುದ್ದಿಯೂ ಇದೆ. ಜನ ಬರುತ್ತಿದ್ದಾರೆ. ಸಾರಾತೋಕಿನಲ್ಲಿ ನಾವು ಇನ್ನೊಂದು ಸಂಜೆ ಬಾರಿಸಿದೆವು. ಅಂದು ಏನಾಯಿತೋ ತಿಳಿಯದು, ಸಂಡೋಮ್ ಬೇರೆಯವನಂತೆ ಹಾಡಿದ. ಬಸ್ಸು ಬಂದರೂ ಜನ ಹತ್ತಲಿಲ್ಲ. ಮೀನಿನ ಹೆಂಗಸು ತಕ್ಕಡಿ ಹಿಡಿದುಕೊಂಡೇ ಕಣ್ಣೊರೆಸಿಕೊಂಡಳು. ಅಲ್ಲಿಂದ ಮಾತು ನಮಗಿಂತ ಮುಂಚೆ ಬೆತೋಂಗ್ ತಲುಪಿದೆ. ಇಲ್ಲಿ ಮೈದಾನ ತುಂಬಿತ್ತು.

ಹೆಸರು ಬರುವ ಮೊದಲೇ ಹೆಸರಿನ ಬಿಗುಮಾನ ಬಂದಿದೆ ನಿನ್ನ ತಮ್ಮನಿಗೆ. ಕೆಂಪು ಅಂಗಿ ಗೆರಾಂಗನಿಗೆ ಕೊಟ್ಟು ತಾನು ಕಪ್ಪು ಅಂಗಿ ಹಾಕುತ್ತಾನೆ. ನಮ್ಮೊಂದಿಗೆ ಕುಡಿಯಲು ಕೂರುವುದಿಲ್ಲ. "ಕಪ್ಪು ಹಾಕಿದ್ರೆ ಹುಡುಗೀರು ಜಾಸ್ತಿ ನೋಡ್ತಾರೆ, ಅದಕ್ಕೇ" ಎಂದು ಗೆರಾಂಗ್ ಹೇಳುತ್ತಾನೆ. ಇರಬಹುದು. ಅವನ ಸಂತೋಷ ನೋಡಿದರೆ ನನಗೆ ಸಿಟ್ಟೂ ಬರುತ್ತದೆ, ಪಾಪವೂ ಎನಿಸುತ್ತದೆ.

ಲಾಯಾಂಗ್

*

ಕಟಿಬಾಸ್ ನದಿ
೨೩ ಏಪ್ರಿಲ್ ೧೯೯೪

ಜೆಲಿಯಾಳ ಅಪ್ಪನಿಗೆ,

ಕೊಯ್ಲು ಮುಗಿಯಿತು. ಅಪ್ಪ ಬಿತ್ತಿದ ಗದ್ದೆಯ ತುಂಡನ್ನು ನಾನೇ ಕೊಯ್ದೆ. ಕೊಯ್ಯುವಾಗ ಹಾಡುವಂತಿಲ್ಲ, ಹಾಡದೆ ಕೊಯ್ದರೆ ಗದ್ದೆ ಎಷ್ಟು ಉದ್ದವಿದೆ ಎಂದು ತಿಳಿಯುತ್ತದೆ.

ಜೆಲಿಯಾ ಪಾತ್ರೆ ತೊಳೆಯುತ್ತಾ ಗುನುಗಿದಳೆಂದು ಪಕ್ಕದ ಬಾಗಿಲಿನ ಅಜ್ಜಿ ಗದರಿದಳು. ಅಜ್ಜನಿಗೆ ಕೇಳಿಸಿದರೆ ಏನು ತಪ್ಪು, ಅವನಿಗೆ ನನ್ನ ಹಾಡು ಇಷ್ಟ ಅಂತ ಮಗು ಕೇಳಿದಳು. ಆ ರಾತ್ರಿಯಿಂದ ಮಗು ಬಾಯಿ ಮುಚ್ಚಿಕೊಂಡು ಮೂಗಿನಲ್ಲೇ ಏನೋ ಸದ್ದು ಮಾಡುತ್ತಾಳೆ. ಕೇಳಿಸಿಕೊಂಡೂ ಸುಮ್ಮನಿರುತ್ತೇನೆ.

ಹುಡುಗರಿಗೆ ತಿಳಿಸಿದೆಯಾ ಎಂದು ಉದ್ದಮನೆಯ ಹಿರಿಯ ಕೇಳಿದ. ಕಾಗದ ಬರೆದಿದ್ದೇನೆ, ದೂರದಲ್ಲಿದ್ದಾರೆ, ತಲುಪುವುದು ತಡವಾಗುತ್ತದೆ ಎಂದೆ. ಅವನು ನನ್ನ ಮುಖ ನೋಡಿ, "ನಿಮ್ಮಪ್ಪ ಸುಳ್ಳು ಹೇಳುವಾಗ ಕಿವಿ ಕೆರ್ಕೊಳ್ತಿದ್ದ, ನೀನು ಸೆರಗು ಎಳ್ಕೊಳ್ತೀಯ" ಎಂದು ಹೇಳಿ ಹೋದ.

ಜನ ಸೇರುತ್ತಿದ್ದಾರೆಂದು ಓದಿ, ಬಹಳ ದಿನದ ನಂತರ ಹೊಟ್ಟೆ ತುಂಬ ಉಂಡೆ. ಬಿಗುಮಾನವಿದ್ದರೆ ಇರಲಿ ಬಿಡು. ಅಷ್ಟು ವರ್ಷ ತಲೆ ತಗ್ಗಿಸಿದವನು ಸ್ವಲ್ಪ ಎತ್ತಿಕೊಳ್ಳಲಿ. ನೀನು ಅವನ ಮೇಲೆ ರೇಗಬೇಡ. ಅವನು ಖುಷಿಯಾಗಿರುವ ಈ ಕೆಲವು ದಿನಗಳನ್ನು ನಾವಿಬ್ಬರೂ ಬೆಲೆ ತೆತ್ತು ಕೊಂಡುಕೊಂಡಿದ್ದೇವೆ.

ಗವಾಯ್ ಸುಗ್ಗಿ ಹಬ್ಬದಲ್ಲಿ ಮನೆ ಮೌನವಾಗಿರಬಾರದೆಂದು ಮೇ ೨೮ಕ್ಕೆ ಗಂಟು ಕತ್ತರಿಸಲು ನಿಶ್ಚಯಿಸಿದ್ದಾರೆ. ಆ ಹೊತ್ತಿಗೆ ಟೌಕೆ ಬಂದು ಹೋಗಿರುತ್ತಾನೆ. ನೀವು ಬರುವ ದಿನ ನಾನೇ ಸೋಂಗ್ ದೋಣಿಕಟ್ಟೆಗೆ ಬಂದು ನಿಲ್ಲುತ್ತೇನೆ. ಅವನಿಗೆ ನಾನು ಹೇಳುತ್ತೇನೆ, ನೀನಲ್ಲ.

ರೆಮಾಯ್

*

ಶ್ರೀ ಅಮಾನ್
೮ ಮೇ ೧೯೯೪

ಜೆಲಿಯಾಳ ಅಮ್ಮನಿಗೆ,

ಆಯಿತು. ಟೌಕೆ ಬಂದ, ಕೇಳಿದ, ಕ್ಯಾಸೆಟ್ ಮಾಡುತ್ತೇನೆ ಎಂದ. ಜೂನ್ ಕೊನೆಗೆ ಸಿಬುವಿನಲ್ಲಿ ರೆಕಾರ್ಡಿಂಗ್. ನಿನ್ನ ಆಸೆ ನೆರವೇರಿತು.

ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆತೋಂಗಿನಿಂದ ಹುಡುಗರು ಮೋಟಾರ್‌ಬೈಕುಗಳಲ್ಲಿ ನಮ್ಮ ವ್ಯಾನಿನ ಹಿಂದೆಯೇ ಬಂದಿದ್ದರು. ಎಲ್ಲರೂ ಕಪ್ಪು ಅಂಗಿ, ನಿನ್ನ ತಮ್ಮನ ಹಾಗೆ. ಕೂದಲೂ ಅವನ ಹಾಗೆ ಬಿಟ್ಟಿದ್ದಾರೆ. ಅವನು ಕತ್ತರಿಸುವುದೇ ಇಲ್ಲ ಈಗ. ಜನ ಕೂಗಿ ಕೂಗಿ ಕೇಳುವುದು ಕೊನೆಯ ಹಾಡನ್ನು. ಅದರ ಬಾಲಕ್ಕೆ ಅವನು ಹೊಸದೊಂದು ಸೇರಿಸಿದ್ದಾನೆ. ನಾನೂ ಗೆರಾಂಗನೂ ಬಾರಿಸುತ್ತಲೇ ಇರಬೇಕು, ಅವನು ಕಣ್ಣು ಮುಚ್ಚಿ ನಮ್ಮ ನದಿಯ ತಿರುವುಗಳ ಹೆಸರನ್ನು ಒಂದೊಂದಾಗಿ ಕೂಗುತ್ತಾ ಕೆಳಗೆ ಬರುತ್ತಾನೆ. ಜನ ಹಿಂದೆಯೇ ಕೂಗುತ್ತಾರೆ. ಇಲ್ಲಿಯವರಿಗೆ ನಮ್ಮ ನದಿ ಯಾವುದೆಂದು ಗೊತ್ತೂ ಇಲ್ಲ, ಆದರೂ ಅಳುತ್ತಾರೆ.

ಆದರೆ ರೆಮಾಯ್, ಅವನು ಹಾಳಾಗುತ್ತಿದ್ದಾನೆ. ಮೊನ್ನೆ ಲೆಮಾನಾಕ್ ನದಿಯ ಉದ್ದಮನೆಯೊಂದರವರು ಕರೆದು ಊಟ ಹಾಕಿದರು. ಬಾಗಿಲು ಬಾಗಿಲಿನಿಂದ ತುವಾಕ್ ತಂದು ಸಾಲಾಗಿ ನಿಂತರು. ಇವನು, ಕುಡಿಯಲಾರದವರು ಮರ್ಯಾದೆಗೆ ಮಾಡುವಂತೆ, ಪ್ರತಿ ಗ್ಲಾಸಿಗೂ ಬೆರಳು ಮುಟ್ಟಿಸಿ ನನ್ನ ಕಡೆ ತಳ್ಳಿದ. ಒಂದೆರಡು ಸಲವಾದರೆ ಸರಿ. ಇಡೀ ಸಾಲಿಗೆ ಹಾಗೆ ಮಾಡಿದರೆ? ಕೊನೆಯಲ್ಲಿದ್ದ ಮುದುಕಿ ಗ್ಲಾಸು ಹಿಡಿದು ನಿಂತೇ ಇದ್ದಳು. "ಯಾಕಪ್ಪಾ, ನಮ್ಮನೆ ಅಕ್ಕಿಗೆ ಅಮಲು ಸಾಲ್ದಾ?" ಎಂದಳು. ನಾನೇ ಅವಳ ಕೈಯಿಂದ ತೆಗೆದುಕೊಂಡು ಕುಡಿದು, ಏನೋ ತಮಾಷೆ ಮಾಡಿ ನಗಿಸಿದೆ.

ವ್ಯಾನಿಗೆ ಬಂದ ಮೇಲೆ ಬೈದೆ. ಅಜ್ಜಿಯಂಥವಳಿಗೆ ಅವಮಾನ ಮಾಡಿದೆ ಎಂದೆ.

"ನೀನು ಕುಡಿದ್ಯಲ್ಲ ಭಾವ. ನಗಿಸಿದ್ಯಲ್ಲ. ಸಾಕು ಬಿಡು."

"ಮೈದಾನದಲ್ಲಿ ನಾಲ್ಕು ಜನ ಕೂಗಿದ ತಕ್ಷಣ ನೀನು ದೊಡ್ಡವನಾಗಿಬಿಟ್ಯಾ?"

ಅವನು ಕಿಟಕಿಯ ಕಡೆ ತಿರುಗಿದ. ಊಟವನ್ನೂ ಈಗ ಲಕ್ಷಣವಾಗಿ ಮಾಡುವುದಿಲ್ಲ. ಸಂಜೆ ಊಟಕ್ಕೆ ಕೂತರೆ ಮೊದಲ ಹಿಡಿ ಅನ್ನವನ್ನು ತಟ್ಟೆಯ ಅಂಚಿಗೆ ತಳ್ಳಿ ಅಲ್ಲೇ ಬಿಟ್ಟು ಏಳುತ್ತಾನೆ. ಮಾವ ಇದ್ದಿದ್ದರೆ ಅನ್ನ ಬಿಟ್ಟಿದ್ದಕ್ಕೆ ಕೆನ್ನೆಗೆ ಬಾರಿಸುತ್ತಿದ್ದ.

ಇವನಿಗಾಗಿ ನಾನು ಇಷ್ಟು ದಿನ ಈ ಪಾಪ ಮಾಡಿದೆನೇ ಎನಿಸುತ್ತದೆ.

ಲಾಯಾಂಗ್

*

ಕಟಿಬಾಸ್ ನದಿ
೧೫ ಮೇ ೧೯೯೪

ಜೆಲಿಯಾಳ ಅಪ್ಪನಿಗೆ,

ಅವನಿಗೆ ಗೊತ್ತಿದೆ.

ನೀನು ಬರೆದದ್ದನ್ನು ನಾನು ಓದಿದ್ದು ಒಲೆಯ ಮುಂದೆ. ಅನ್ನ ಸೀದು ಹೋಯಿತು. ಕಪ್ಪು ಅಂಗಿ. ಕತ್ತರಿಸದ ಕೂದಲು. ಮುಟ್ಟಿ ಬಿಟ್ಟ ತುವಾಕ್. ತಟ್ಟೆಯ ಅಂಚಿಗೆ ತೆಗೆದಿಟ್ಟ ಮೊದಲ ಹಿಡಿ. ಇವೆಲ್ಲ ಏನೆಂದು ಈ ಮನೆಯ ಅಳಿಯನಾದ ನಿನಗೆ ತಿಳಿಯಲಿಲ್ಲವೇ? ಅದನ್ನೇ ನಾನೂ ಜೆಲಿಯಾಳೂ ಇಲ್ಲಿ ದಿನವೂ ಮಾಡುತ್ತಿದ್ದೇವೆ. ಅವನು ರಸ್ತೆಯ ಮೇಲೆ, ಒಬ್ಬನೇ, ಉಲಿತ್ ಹಿಡಿದಿದ್ದಾನೆ.

ನಿನ್ನನ್ನು ಬೈದು ನನಗೇನು? ಬೆತೋಂಗಿನ ಕಾಗದದಲ್ಲೇ ಕಪ್ಪು ಅಂಗಿ ಇತ್ತು. ಬಿಗುಮಾನವಿದ್ದರೆ ಇರಲಿ ಎಂದು ಬರೆದವಳು ನಾನು.

ಹೇಗೆ ತಿಳಿಯಿತೆಂದು ಈಗ ಹೊಳೆಯಿತು. ಯಾರೇ ಸತ್ತರೂ ಹಿರಿಯನ ಅಳಿಯ ಸೋಂಗ್‌ನಿಂದ ಫೋನ್ ಮಾಡಿ ರೇಡಿಯೊದಲ್ಲಿ ನಮ್ಮ ಇಬಾನ್ ಭಾಷೆಯ ಕಾರ್ಯಕ್ರಮದಲ್ಲಿ ಹೇಳಿಸುತ್ತಾನೆ, ದೂರದ ನೆಂಟರಿಗೆ ತಿಳಿಯಲೆಂದು. ಎಲ್ಲ ಸಾವಿಗೂ ಮಾಡುವುದನ್ನೇ ಅಪ್ಪನಿಗೂ ಮಾಡಿದ್ದಾನೆ. ನಮ್ಮ ಮನೆಯ ರೇಡಿಯೊ ಬಾಯಿ ಮುಚ್ಚಿತ್ತು, ಆದ್ದರಿಂದ ಎಲ್ಲರ ರೇಡಿಯೊವೂ ಮುಚ್ಚಿದೆ ಎಂದುಕೊಂಡೆ.

ಆ ಹಾಡಿನ ಬಾಲ ನನ್ನನ್ನು ಹೆಚ್ಚು ಹೆದರಿಸಿದೆ. ತಿರುವುಗಳ ಹೆಸರು ಹೇಳುತ್ತಾ ಕೆಳಗಿಳಿಸುವುದು ಅಳುಹಾಡು. ಸಾವಿಲ್ಲದ ಜಾಗದಲ್ಲಿ ಅದನ್ನು ಬಾಯಿಗೆ ತರಬಾರದು, ಹಾಡಿದ ಕಡೆ ಸಾವನ್ನು ಕರೆದಂತೆ. ನಿನ್ನ ಡ್ರಮ್ಮಿನ ಸದ್ದಿನಲ್ಲಿ ನಿನಗೆ ಗುರುತು ಸಿಗಲಿಲ್ಲ. ಅವನು ಇಲ್ಲಿ ಕೂತು ಕೇಳಬೇಕಾದದ್ದನ್ನು ಅಲ್ಲಿ ಊರೂರಿನಲ್ಲಿ ತಾನೇ ಹಾಡುತ್ತಿದ್ದಾನೆ.

ಕೂತು ಮಾತಾಡು. ೨೮ಕ್ಕೆ ಅವನನ್ನು ಕರೆದುಕೊಂಡು ಬಾ. ಗಂಟು ಕತ್ತರಿಸುವಾಗ ಮಗ ಜಗಲಿಯಲ್ಲಿರಬೇಕು. ಇದ್ದರೆ ಎಲ್ಲರದ್ದೂ ಒಟ್ಟಿಗೆ ಬಿಚ್ಚುತ್ತದೆ. ಸದ್ದು ಮಾಡಿದ್ದಕ್ಕೆ ದಂಡ ಹಾಕುತ್ತಾರೆ, ಕೊಡೋಣ. ಬರದಿದ್ದರೆ ಅವನದ್ದು ಬಿಚ್ಚದೆ ಉಳಿಯುತ್ತದೆ. ನನಗೆ ಬೇರೇನೂ ಬೇಡ ಈಗ. ಕ್ಯಾಸೆಟ್ಟೂ ಬೇಡ.

ರೆಮಾಯ್

*

ಸೆರಿಯಾನ್
೨೨ ಮೇ ೧೯೯೪

ರೆಮಾಯ್,

ಮಾತಾಡಿದೆ. ನಿನ್ನೆ ಮಧ್ಯಾಹ್ನ ವ್ಯಾನನ್ನು ರಿಪೇರಿಗೆ ಬಿಟ್ಟು ಗ್ಯಾರೇಜಿನ ನೆರಳಲ್ಲಿ ಕೂತಿದ್ದೆವು. ಗೆರಾಂಗ್ ಡೂರಿಯನ್ ಹಣ್ಣು ತರಲು ಹೋಗಿದ್ದ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನನ್ನ ಮಾನ ಉಳಿಸಿಕೊಳ್ಳಲು ಏನೂ ಬಿಡುವುದಿಲ್ಲ.

ಮಾವನ ವಿಷಯ ಎಂದೆ ಅಷ್ಟೆ. ಅವನು ನನ್ನ ಕೈ ಹಿಡಿದುಕೊಂಡ.

"ಅಕ್ಕ ಕಾಗದ ಬರೆದಳಾ? ಈಗ ತಿಳೀತಾ ನಿನಗೆ? ಭಾವ, ಕ್ಷಮಿಸು. ನನಗೆ ಸಾರಾತೋಕಿಂದ ಗೊತ್ತಿತ್ತು. ಕಾಫಿ ಅಂಗಡೀಲಿ ರೇಡಿಯೊ ಹೇಳ್ತು. ನೀನು ಟೈರಿಗೆ ಗಾಳಿ ಹಾಕ್ಸೋಕೆ ಹೋಗಿದ್ದೆ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಡ್ರಮ್ಮಿನ ಕೋಲು ಕೆಳಗಿಟ್ಟು ಮನೆಗೆ ಹೋಗಿರ್ತಿದ್ದೆ. ನೀನು ಅಂಥ ಮನುಷ್ಯ. ಬ್ಯಾಂಡು ಅಲ್ಲಿಗೆ ಮುಗೀತಿತ್ತು. ನೀನು ಕುಡಿಯೋವಾಗ, ನಗೋವಾಗ ನನಗೆ ಕರುಳು ಕಿತ್ತು ಬರ್ತಿತ್ತು. ಪಾಪ, ಭಾವಂಗೆ ಗೊತ್ತಿಲ್ಲ, ಗೊತ್ತಾದ ದಿನ ನನ್ನ ಮುಖ ನೋಡಲ್ಲ ಅಂತ."

ಅಲ್ಲಿಗೆ ಸುಮ್ಮನಾಗಬಹುದಿತ್ತು. ಈಗಷ್ಟೇ ತಿಳಿಯಿತು ಎಂದಿದ್ದರೆ ಅವನು ನಂಬುತ್ತಿದ್ದ, ನಾನು ಒಳ್ಳೆಯವನಾಗಿಯೇ ಉಳಿಯುತ್ತಿದ್ದೆ. ಆಗಲಿಲ್ಲ. ಬೆತೋಂಗಿನಿಂದ ಗೊತ್ತು ಎಂದೆ.

ಅವನು ಕೈ ಬಿಟ್ಟ. ವ್ಯಾನಿನ ಕೆಳಗೆ ಮಲಗಿದ್ದ ಮೆಕ್ಯಾನಿಕ್ಕನ ಕಾಲುಗಳನ್ನೇ ನೋಡಿದ. ಆಮೇಲೆ, "ಲೆಮಾನಾಕಿನಲ್ಲಿ ಕುಡ್ಯೋವಾಗ ಗೊತ್ತಿತ್ತಾ?" ಎಂದು ಕೇಳಿದ. ಗೊತ್ತಿತ್ತು ಎಂದೆ. "ಮುದುಕಿನ ನಗಿಸ್ದೆ" ಎಂದ. ಹೌದು ಎಂದೆ.

ಅಕ್ಕ ಹೇಳಿದ್ದರಿಂದ ಮುಚ್ಚಿಟ್ಟೆ, ನಿನ್ನ ಹೆಸರಿಗಾಗಿ, ಎಂದು ವಿವರಿಸಲು ಹೋದೆ. ತಡೆದ. ರೆಮಾಯ್, ನಿನ್ನ ಮೇಲೆ ಅವನಿಗೆ ಸಿಟ್ಟಿಲ್ಲವಂತೆ, ತಾನೂ ಅದನ್ನೇ ಮಾಡಿದ್ದಲ್ಲವೇ ಎಂದ. ನೀನು ೨೮ರ ವಿಷಯ ಬರೆದದ್ದನ್ನು ಹೇಳಿದೆ. ಬರುವುದಿಲ್ಲ ಎಂದ. ದಂಡಕ್ಕೆ ಹೆದರಿ ಎಂದುಕೊಂಡು, ಹಿರಿಯನನ್ನು ನಾನು ಒಪ್ಪಿಸುತ್ತೇನೆ ಎಂದೆ. ಆಗ ಅವನು ಹೇಳಿದ್ದು ಇದು. ಅವನ ಮಾತಿನಲ್ಲೇ ಬರೆಯುತ್ತೇನೆ.

"ಸಾರಾತೋಕಲ್ಲಿ ಆವತ್ತು ಹಾಡಬಾರದು ಅಂತಾನೇ ಮೇಲೆ ಹತ್ತಿದ್ದು. ಒಂದು ಹಾಡು ಹೇಳಿ ಗಂಟಲು ಕಟ್ಟಿದೆ ಅಂತ ಇಳಿಯೋಣ ಅಂದ್ಕೊಂಡಿದ್ದೆ. ಬಾಯಿ ತೆಗೆದೆ ಭಾವ, ಅದು ಬಂತು. ಅಷ್ಟು ಚೆನ್ನಾಗಿ ನಾನು ಹುಟ್ಟಿದಾಗಿಂದ ಹಾಡಿರ್ಲಿಲ್ಲ. ಬಸ್ಸು ನಿಂತಿದೆ, ಯಾರೂ ಹತ್ತುತಾ ಇಲ್ಲ. ಅಪ್ಪ ಜಗಲೀಲಿ ಮಲಗಿದಾನೆ, ಇನ್ನೂ ಮಣ್ಣೂ ಮಾಡಿಲ್ಲ. ನನಗೆ ಖುಷಿಯಾಯ್ತು."

ನಾನು ನೀರಿನ ಬಾಟಲಿ ಚಾಚಿದೆ, ಅವನು ತೆಗೆದುಕೊಳ್ಳದೆ ಮುಂದುವರಿಸಿದ.

"ದಿನಾ ಸಂಜೆ ಇವತ್ತು ಬರಲ್ಲ ಅಂದ್ಕೋತೀನಿ. ಅನ್ನ ತೆಗೆದಿಡ್ತೀನಿ, ಅಪ್ಪನ ನೆನೆಸ್ಕೋತೀನಿ, ಬರುತ್ತೆ. ಜನ ಹಿಂದೆ ಬರ್ತಿರೋದು ನನಗಲ್ಲ, ಅದಕ್ಕೆ. ಗಂಟು ಕತ್ತರಿಸ್ಬಿಟ್ರೆ ಅದು ನಿಂತು ಹೋದ್ರೆ? ನಾನು ಮತ್ತೆ ಆ ಕೆಂಪಂಗಿಯವನಾಗ್ತೀನಿ. ನಿಮ್ದು ನೀವು ಬಿಚ್ಕೊಳ್ಳಿ. ನನ್ನದು ಇರ್ಲಿ."

ಗೆರಾಂಗ್ ಡೂರಿಯನ್ ತಂದ. ಮೂವರೂ ತಿಂದೆವು. ಅವತ್ತು ಸಂಜೆಯೂ ಬಾರಿಸಿದೆವು.

೨೮ರೊಳಗೆ ಇನ್ನೂ ಎರಡು ಊರುಗಳಿವೆ, ನಾನೂ ತಲುಪಲಾರೆ, ಆಮೇಲೆ ಬಿಂಟುಲುವಿನಿಂದ ಕರೆ ಬಂದಿದೆ. ನನಗೆ ಸಾಕಾಗಿದೆ. ಮನೆಗೆ ಬಂದು ದಂಡ ಕೊಟ್ಟು, ಮಾವನ ದೋಣಿ ರಿಪೇರಿ ಮಾಡಿಕೊಂಡು ಇದ್ದುಬಿಡಬೇಕು ಎನಿಸುತ್ತದೆ. ನೀನು ಬಾ ಎಂದರೆ ಬರುತ್ತೇನೆ. ಬಿಂಟುಲುವಿನ ಬಸ್ ನಿಲ್ದಾಣದ ಪಕ್ಕದ ಕ್ಯಾಸೆಟ್ ಅಂಗಡಿಗೆ ಬರೆ.

ಲಾಯಾಂಗ್

*

ಕಟಿಬಾಸ್ ನದಿ
೩೦ ಮೇ ೧೯೯೪

ಲಾಯಾಂಗ್,

ಮೊನ್ನೆ ಗಂಟು ಕತ್ತರಿಸಿದರು. ಕತ್ತಿ ಹಿಡಿದ ಮುದುಕ ಒಂದೇ ಏಟಿಗೆ ಕತ್ತರಿಸಿದ, ಎಲ್ಲರೂ ಒಮ್ಮೆಗೇ ಕೂಗಿದರು, ಜಾಗಟೆ ಶುರುವಾಯಿತು. ಅಷ್ಟು ದಿನದ ಮೇಲೆ ಸದ್ದು ಕೇಳಿ ನಾಯಿಗಳು ಮನೆಯ ಕೆಳಗೆ ಓಡಿ ಹೋದವು. ಜೆಲಿಯಾಳ ತುದಿಗೂದಲು ಕತ್ತರಿಸಿ ಹೂವಿನ ಅಂಗಿ ಹಾಕಿಸಿದೆ. ಅವಳು ಗಂಟಲು ಹರಿಯುವ ಹಾಗೆ ಹಾಡಿದಳು. ಪಕ್ಕದ ಬಾಗಿಲಿನ ಅಜ್ಜಿಯೇ ತಾಳ ಹಾಕಿದಳು.

ಹುಡುಗರೆಲ್ಲಿ ಎಂದು ಹಿರಿಯ ಎಲ್ಲರೆದುರು ಕೇಳಿದ. ನದಿಯಲ್ಲಿ ನೀರಿಲ್ಲ, ದೋಣಿ ಮೇಲೆ ಹತ್ತಲಿಲ್ಲವಂತೆ ಎಂದೆ. ಹಿಂದಿನ ದಿನವಷ್ಟೇ ಬೆಟ್ಟದಲ್ಲಿ ಮಳೆಯಾಗಿ ನದಿ ತುಂಬಿ ಹರಿಯುತ್ತಿತ್ತು. ಜಗಲಿಯಲ್ಲಿ ಕೂತ ಎಲ್ಲರಿಗೂ ಅದರ ಸದ್ದು ಕೇಳಿಸುತ್ತಿತ್ತು. ಹಿರಿಯ, "ಹೌದು, ಈ ವರ್ಷ ನೀರು ಕಮ್ಮಿ" ಎಂದ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ನೀನು ಸುಳ್ಳು ಹೇಳಿ ಉಳಿದುಕೊಳ್ಳದೇ ಇದ್ದದ್ದು ಒಳ್ಳೆಯದಾಯಿತು. ನಾನು ಸಂಡೋಮನ ಹಾಡಿಗೆ ದಾರಿ ಬಿಡಿಸಿಕೊಡಲು ಅಪ್ಪನ ಸಾವನ್ನು ಪಕ್ಕಕ್ಕೆ ಸರಿಸಿಟ್ಟೆ. ಅವನು ಅದನ್ನೇ ಎತ್ತಿಕೊಂಡು ಹಾಡು ಮಾಡಿಕೊಂಡ.

ನೀನು ಬರಬೇಡ. ಬಾ ಎಂದು ಎರಡು ಸಲ ಬರೆದು ಹರಿದು ಹಾಕಿದ್ದೇನೆ. ಹಿತ್ತಲ ಮೆಟ್ಟಿಲು ಮುರಿದಿದೆ, ಮಗು ಅಪ್ಪ ಎಲ್ಲಿ ಎನ್ನುತ್ತಾಳೆ, ನನಗೂ ಒಬ್ಬಳೇ ಇದ್ದು ಸಾಕಾಗಿದೆ. ಆದರೂ ಬೇಡ. ಒಂದು ಸಂಜೆ ಅವನು ಬಾಯಿ ತೆಗೆಯುತ್ತಾನೆ, ಅದು ಬರುವುದಿಲ್ಲ. ಮೈದಾನದ ತುಂಬ ಜನ ನಿಂತಿರುತ್ತಾರೆ. ಅವತ್ತು ಅವನು ಹಿಂದಕ್ಕೆ ತಿರುಗಿ ನೋಡಿದರೆ ಡ್ರಮ್ಮಿನ ಹಿಂದೆ ನಮ್ಮವರೊಬ್ಬರು ಕೂತಿರಬೇಕು.

ನಿನಗೂ ಹೇಳದೆ ಉಳಿಸಿಕೊಂಡದ್ದು ಒಂದಿದೆ. ಅಪ್ಪ ಹೋಗುವಾಗ ಏನೂ ಹೇಳಲಿಲ್ಲ ಎಂದು ಬರೆದಿದ್ದೆ. ಮಲಗಿದ್ದಷ್ಟು ದಿನವೂ ಅವನು ಸಂಜೆಯಾದರೆ ಇವತ್ತು ಹುಡುಗ ಯಾವ ಊರಲ್ಲಿ ಹಾಡುತ್ತಾನೆ ಎಂದು ಕೇಳುತ್ತಿದ್ದ. ನಾನು ಊರಿನ ಹೆಸರು ಹೇಳುತ್ತಿದ್ದೆ. ಕೊನೆಯ ಸಂಜೆಯೂ ಕೇಳಿದ. ಸಾರಾತೋಕ್ ಎಂದೆ. ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕಿವಿಗೊಟ್ಟವನಂತೆ ಮಲಗಿದ್ದ. ಆಮೇಲೆ, "ಏನೂ ಕೇಳಿಸ್ತಿಲ್ವಲ್ಲ ರೆಮಾಯ್, ಇನ್ನೂ ಸ್ವಲ್ಪ ಜೋರಾಗಿ ಹಾಡು ಅಂತ ಹೇಳು ಅವನಿಗೆ" ಎಂದ. ಅಷ್ಟೇ. ಮತ್ತೆ ಮಾತಾಡಲಿಲ್ಲ.

ಇದನ್ನು ಸಂಡೋಮನಿಗೆ ಹೇಳಬೇಡ. ಅವನು ಅತ್ತರೂ ಹೇಳಬೇಡ, ಅಪ್ಪನಿಗೆ ನಾನು ಬೇಡವಾಗಿದ್ದೆ ಅಂದರೂ ಹೇಳಬೇಡ. ಹೇಳಿದರೆ ಅದನ್ನೂ ಹಾಡುತ್ತಾನೆ.

ರೆಮಾಯ್